ಚದುರಂಗಪ್ರಿಯ ಮುಮ್ಮಡಿ ಕೃಷ್ಣರಾಜ ಒಡೆಯರು

ಅರಸರ ಚರಿತ್ರೆಯೆಂದೊಡನೆ ಯುದ್ಧದಲ್ಲಿ ಗೆದ್ದವರ, ರಾಜ್ಯವನ್ನು ವಿಸ್ತರಿಸಿದವರ ಕಥೆಯೇ ನಮ್ಮ ನೆನಪಿಗೆ ಬರುವುದು ವಾಡಿಕೆ. ಆದರೆ ಒಂದು ಯುದ್ಧವನ್ನೂ ಗೆಲ್ಲದೆ, ಕೈಯಲ್ಲಿದ್ದ ಅಧಿಕಾರವನ್ನೂ ನಡುವಯಸ್ಸಿನಲ್ಲಿ ಕಳೆದುಕೊಂಡು, ಆದರೂ ಜನರ ಸ್ಮರಣೆಯಲ್ಲಿ ಗೌರವದಿಂದ ಉಳಿದಿರುವ ಅರಸರೊಬ್ಬರು ಕನ್ನಡನಾಡಿನಲ್ಲಿ ಆಗಿಹೋದರು. ಅವರೇ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. ಅವರು ಚದುರಂಗದ ಮಹಾಪ್ರೇಮಿಗಳು. ಶಾಲೆಯ ಬಿಡುವಿನಲ್ಲಿ ಚದುರಂಗದ ಹಲಗೆಯನ್ನು ಹರಡಿಕೊಂಡು ಕೂರುವ ನಮ್ಮ ಬಾಲಕ ಬಾಲಿಕೆಯರು ಈ ಅರಸರನ್ನು ಅರಿಯಬೇಕೆಂಬ ಆಶಯದಿಂದ ಅವರ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಹೇಳುತ್ತೇವೆ.

ಕೃಷ್ಣರಾಜರು ಹುಟ್ಟಿದ್ದು 1794ನೆಯ ಇಸವಿ ಜುಲೈ 14ರಂದು, ಶ್ರೀರಂಗಪಟ್ಟಣದಲ್ಲಿ. ತಂದೆ ಖಾಸಾ ಚಾಮರಾಜ ಒಡೆಯರು, ತಾಯಿ ಕೆಂಪನಂಜಮ್ಮಣ್ಣಿಯವರು. ಆಗ ರಾಜ್ಯದ ಅಧಿಕಾರವೆಲ್ಲ ಟೀಪೂ ಸುಲ್ತಾನನ ಕೈಯಲ್ಲಿತ್ತು. ಒಡೆಯರ ಮನೆತನದವರು ಹೆಸರಿಗೆ ಮಾತ್ರ ಅರಸರು. 1796ರಲ್ಲಿ ತಂದೆ ತೀರಿಕೊಂಡ ಮೇಲೆ ಆ ಹೆಸರೂ ಉಳಿಯಲಿಲ್ಲ. ಅರಮನೆಯ ಹೆಂಗಸರು ಮಕ್ಕಳೆಲ್ಲ ಒಂದು ಸಣ್ಣ ಮನೆಗೆ ಹೋಗಿ ಬಡತನದಲ್ಲಿ ದಿನ ಕಳೆಯಬೇಕಾಯಿತು. ಮುಂದೆ ಸಿಂಹಾಸನವೇರಲಿದ್ದ ಶಿಶುವಿನ ಮೊದಲ ವರ್ಷಗಳು ಹೀಗೆ ಸಾಗಿದವು.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಿತು. ಟೀಪೂ ಸುಲ್ತಾನನು ಯುದ್ಧದಲ್ಲಿಯೇ ಮಡಿದನು. ಆ ಯುದ್ಧದಲ್ಲಿ ಈಸ್ಟ್ ಇಂಡಿಯಾ ಕಂಪನಿಯವರ ಜೊತೆಗೆ ಹೈದರಾಬಾದಿನ ನಿಜಾಮರ ಸೈನ್ಯವೂ ಇತ್ತು. ಆ ಸೈನ್ಯದೊಡನೆ ಬಂದಿದ್ದ ನಿಜಾಮರ ಪ್ರತಿನಿಧಿ ಮೀರ್ ಆಲಂ. ನಮ್ಮ ಓದುಗರಿಗೆ ಈ ಹೆಸರು ಹೊಸದಲ್ಲ. ನೆಹರೂ ಮೃಗಾಲಯದ ಬಳಿ ಅರ್ಧವೃತ್ತದ ಕಮಾನುಗಳನ್ನು ಸಾಲಾಗಿ ಜೋಡಿಸಿ ಕಟ್ಟಿದ ಕಟ್ಟೆಯ ಹಿಂದೆ ಹರಡಿಕೊಂಡಿರುವ ಮೀರ್ ಆಲಂ ಕೆರೆಯನ್ನು ನೋಡದ ಹೈದರಾಬಾದಿನ ಮಕ್ಕಳು ವಿರಳ. ಆ ಕೆರೆಗೆ ಹೆಸರಾದ ಮೀರ್ ಆಲಂ ಇವರೇ. 1799ರ ಜೂನ್ 30ರಂದು ಮೈಸೂರಿನಲ್ಲಿ ಐದು ವರ್ಷವೂ ತುಂಬದ ಕೃಷ್ಣರಾಜರಿಗೆ ಪಟ್ಟವಾಯಿತು. ಒಂದು ಕೈಯನ್ನು ಇಂಗ್ಲಿಷ್ ಸೇನಾಪತಿ ಹ್ಯಾರಿಸ್, ಇನ್ನೊಂದು ಕೈಯನ್ನು ಮೀರ್ ಆಲಂ ಹಿಡಿದು ಬಾಲಕನನ್ನು ಸಿಂಹಾಸನದ ಮೇಲೆ ಕೂರಿಸಿದರೆಂದು ಅಂದಿನ ವೃತ್ತಾಂತಗಳು ತಿಳಿಸುತ್ತವೆ. ಚದುರಂಗದಲ್ಲಿ ಕಾಯಿಗಳನ್ನು ಹಲಗೆಯ ಮೇಲೆ ಇಡುವವರು ಬೇರೆಯವರೇ ಆಗಿರುವಂತೆ, ಈ ಬಾಲರಾಜರನ್ನು ಅವರ ಮನೆಯಲ್ಲಿ ನಿಲ್ಲಿಸಿದವರೂ ಬೇರೆಯವರೇ ಆಗಿದ್ದರು.

ಅಂದಿನ ಒಪ್ಪಂದದಂತೆ ಮೈಸೂರು ವರ್ಷಕ್ಕೆ 7 ಲಕ್ಷ ವರಹಗಳನ್ನು ಕಂಪನಿಗೆ ಕೊಡಬೇಕಾಗಿತ್ತು. ಹಣ ಸಂದಾಯವಾಗುವುದು ಕಷ್ಟವೆಂದು ಕಂಡರೆ ರಾಜ್ಯದ ಆಡಳಿತವನ್ನು ಕಂಪನಿಯೇ ವಹಿಸಿಕೊಳ್ಳಬಹುದೆಂಬ ಷರತ್ತೂ ಅದರಲ್ಲಿ ಅಡಗಿತ್ತು. ಅರಸರ ಪರವಾಗಿ ಮಹಾರಾಣಿ ಲಕ್ಷ್ಮಮ್ಮಣ್ಣಿಯವರೂ ದಿವಾನ್ ಪೂರ್ಣಯ್ಯನವರೂ ರಾಜ್ಯದ ಭಾರವನ್ನು ಹೊತ್ತರು. ಮಹಾರಾಣಿಯವರು 1810ರಲ್ಲಿ ತೀರಿಕೊಂಡರು. ಪೂರ್ಣಯ್ಯನವರು 1811ರ ಕೊನೆಯಲ್ಲಿ ಅಧಿಕಾರವನ್ನು ಬಿಟ್ಟುಕೊಟ್ಟು ಮರುವರ್ಷವೇ ಸ್ವರ್ಗಸ್ಥರಾದರು. ಹದಿನೇಳರ ತರುಣರಾದ ಕೃಷ್ಣರಾಜರು ಆಡಳಿತವನ್ನು ತಾವೇ ಕೈಗೆತ್ತಿಕೊಂಡರು.

ಇಲ್ಲಿ ಸತ್ಯವನ್ನು ಮರೆಮಾಚುವುದು ಉಚಿತವಲ್ಲ. ಮಹಾರಾಜರು ಉದಾರಿಗಳು, ಕೇಳಿದವರಿಗೆ ಇಲ್ಲವೆನ್ನದವರು. ಕವಿಗಳು, ಸಂಗೀತಗಾರರು, ಚಿತ್ರಕಾರರು, ಪಂಡಿತರು ಅವರ ಆಸ್ಥಾನದಲ್ಲಿ ತುಂಬಿದ್ದರು. ಆದರೆ ಕೊಡುವ ಕೈಗೆ ಲೆಕ್ಕದ ಹಿಡಿತವಿರಲಿಲ್ಲ. ಇಷ್ಟು ಕಂದಾಯವನ್ನು ತಂದೇ ತರುತ್ತೇವೆಂದು ಅಮಲ್ದಾರರು ಮುಚ್ಚಳಿಕೆ ಬರೆದುಕೊಡುವ ಶರ್ತಿಯ ಪದ್ಧತಿ ಬೆಳೆಯಿತು. ಆ ಅಮಲ್ದಾರರು ಕೊಟ್ಟ ಮಾತನ್ನು ಉಳಿಸಿಕೊಳ್ಳುವುದಕ್ಕಾಗಿ ರೈತರನ್ನು ಹಿಂಡಿದರು. 1830ರಲ್ಲಿ ನಗರ ಪ್ರಾಂತದ ರೈತರು ಕೂಟಗಳನ್ನು ಕಟ್ಟಿಕೊಂಡು ದಂಗೆಯೆದ್ದರು. ದಂಗೆಯನ್ನು ಅಡಗಿಸಲು ಇಂಗ್ಲಿಷ್ ಸೈನ್ಯದ ನೆರವು ಬೇಕಾಯಿತು. ಇದನ್ನೇ ಕಾರಣವಾಗಿ ಹಿಡಿದು ಗವರ್ನರ್ ಜನರಲ್ ಲಾರ್ಡ್ ವಿಲಿಯಂ ಬೆಂಟಿಂಕ್ 1831ರ ಅಕ್ಟೋಬರ್ ತಿಂಗಳಲ್ಲಿ ಮೈಸೂರಿನ ಆಡಳಿತವನ್ನು ಕಂಪನಿಯ ವಶಕ್ಕೆ ತೆಗೆದುಕೊಂಡನು.

ಮಹಾರಾಜರು ಕತ್ತಿಯನ್ನು ಹಿರಿಯಲಿಲ್ಲ. ಆಜ್ಞೆಯನ್ನು ಶಾಂತವಾಗಿ ಸ್ವೀಕರಿಸಿದರು. ಆಗ ಅವರ ವಯಸ್ಸು 37. ವರ್ಷಕ್ಕೆ 1 ಲಕ್ಷ ವರಹಗಳೂ ನಿವ್ವಳ ಹುಟ್ಟುವಳಿಯ ಐದನೆಯ ಒಂದು ಪಾಲೂ ಅವರ ವೆಚ್ಚಕ್ಕೆ ಗೊತ್ತಾದವು. ಅರಮನೆಯುಂಟು, ದಸರೆಯ ದರ್ಬಾರುಂಟು, ಬಿರುದಾವಳಿಗಳುಂಟು. ಆದರೆ ಒಂದು ಗ್ರಾಮದ ಶಾನುಭೋಗನನ್ನು ನೇಮಿಸುವ ಅಧಿಕಾರವೂ ಉಳಿಯಲಿಲ್ಲ. ಆಡಳಿತವೆಲ್ಲ ಬೆಂಗಳೂರಿನಲ್ಲಿದ್ದ ಕಮಿಷನರರ ಕೈ ಸೇರಿತು. ಸರ್ ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಆ ಸ್ಥಾನದಲ್ಲಿದ್ದನು. ಮಹಾರಾಜರ ಮುಂದೆ ಇನ್ನೂ ಅರ್ಧ ಆಯುಷ್ಯವಿತ್ತು. ಕೆಲಸವಿಲ್ಲದ ಅರಸರು ದುರ್ವ್ಯಸನಗಳಲ್ಲಿ ಮುಳುಗಿಹೋದ ನಿದರ್ಶನಗಳು ಆ ಕಾಲದಲ್ಲಿ ಬೇಕಾದಷ್ಟಿವೆ. ಕೃಷ್ಣರಾಜರು ಆ ದಾರಿಯನ್ನು ಹಿಡಿಯಲಿಲ್ಲ. ತಮ್ಮ ಪಾಲಿಗೆ ಉಳಿದಿದ್ದ ಕಾಲವನ್ನೂ ಹಣವನ್ನೂ ವಿದ್ಯೆಯ ಕಡೆಗೆ ತಿರುಗಿಸಿದರು.

1833ರಲ್ಲಿ ಅವರು ಸ್ವಂತ ವೆಚ್ಚದಿಂದ ಮೈಸೂರಿನಲ್ಲಿ ಉಚಿತ ಇಂಗ್ಲಿಷ್ ಶಾಲೆಯೊಂದನ್ನು ತೆರೆದರು. ಮಹಾರಾಜಾ ಕಾಲೇಜು ಎಂದು ಮುಂದೆ ಪ್ರಸಿದ್ಧವಾದ ವಿದ್ಯಾಸಂಸ್ಥೆಯ ಬೇರು ಆ ಶಾಲೆಯೇ. ಆಸ್ಥಾನದಲ್ಲಿ ಮುದ್ರಣಾಲಯವೂ ಬಂದಿತು. ಮಹಾಭಾರತವನ್ನು ಕನ್ನಡ ಗದ್ಯದಲ್ಲಿ ನಿರೂಪಿಸುವ ಕೃಷ್ಣರಾಜವಾಣೀವಿಲಾಸ ಅವರ ಹೆಸರಿನಲ್ಲಿ ರಚಿತವಾಯಿತು. ಶ್ರೀತತ್ತ್ವನಿಧಿ ಎಂಬ ಸಚಿತ್ರ ಮಹಾಗ್ರಂಥ ಒಂಬತ್ತು ನಿಧಿಗಳಾಗಿ ಸಿದ್ಧವಾಯಿತು. ಅದರ ಕೊನೆಯ ಭಾಗದ ಹೆಸರು ಕೌತುಕನಿಧಿ. 122 ಯೋಗಾಸನಗಳ ಚಿತ್ರಗಳು ಇರುವುದೂ ಈ ನಿಧಿಯಲ್ಲಿಯೇ; ಹಲಗೆಯಾಟಗಳಿಗೂ ಎಲೆಯಾಟಗಳಿಗೂ ಸ್ಥಾನ ದೊರೆತಿರುವುದೂ ಈ ನಿಧಿಯಲ್ಲಿಯೇ. ಛದವೆಂದು ಕರೆಯಲ್ಪಡುವ ಎಲೆಯಾಟಗಳನ್ನು ಮಹಾರಾಜರು ಬಗೆಬಗೆಯಾಗಿ ಹೊಸದಾಗಿ ರಚಿಸಿದರು. ದೇವತೆಗಳ ಚಿತ್ರಗಳನ್ನು ಹೊತ್ತ ಮುನ್ನೂರಕ್ಕೂ ಮೀರಿದ ಎಲೆಗಳುಳ್ಳ ಆಟವೂ ಅವುಗಳಲ್ಲುಂಟು. ಚದುರಂಗದ ವಿಷಯವಾಗಿ ಚತುರಂಗಸಾರಸರ್ವಸ್ವವೆಂಬ ಬೇರೊಂದು ಗ್ರಂಥವೇ ಅವರ ಹೆಸರಿನಲ್ಲಿದೆ.

ಚದುರಂಗದಲ್ಲಿ ಮಹಾರಾಜರ ಮನಸ್ಸನ್ನು ವಿಶೇಷವಾಗಿ ಸೆಳೆದದ್ದು ಕುದುರೆಯ ನಡೆ. ಬರಿದಾದ ಹಲಗೆಯ ಮೇಲೆ ಒಂದೇ ಒಂದು ಕುದುರೆಯನ್ನಿಟ್ಟು, ಅದರ ನಿಯಮದಂತೆಯೇ ನಡೆಸುತ್ತ, 64 ಮನೆಗಳಲ್ಲಿ ಒಂದನ್ನೂ ಬಿಡದೆ, ಒಂದನ್ನೂ ಎರಡು ಸಲ ಮುಟ್ಟದೆ ಸುತ್ತಿ ಬರಬೇಕು. ಇದಕ್ಕೆ ತುರಗಪದ ಅಥವಾ ಕುದುರೆಯ ಸಂಚಾರವೆಂದು ಹೆಸರು. ಇದು ನಮ್ಮ ದೇಶದಲ್ಲಿ ಬಹು ಹಳೆಯ ವಿದ್ಯೆ. ಒಂಬತ್ತನೆಯ ಶತಮಾನದ ರುದ್ರಟನ ಕಾವ್ಯಾಲಂಕಾರದಲ್ಲಿಯೇ ತುರಗಪದದ ಕ್ರಮದಲ್ಲಿ ಅಕ್ಷರಗಳನ್ನು ಜೋಡಿಸಿದ ಪದ್ಯವುಂಟು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅರಸರ ವಿನೋದಗಳ ನಡುವೆ ಚದುರಂಗದ ವಿವರಣೆಯಿದೆ. ಆ ಕಲ್ಯಾಣವೇ ಇಂದಿನ ಬಸವಕಲ್ಯಾಣ. 1956ರವರೆಗೆ ಅದು ನಮ್ಮ ಈ ಹೈದರಾಬಾದ್ ರಾಜ್ಯದ ಭಾಗವೇ ಆಗಿತ್ತು. ಇಂತಹ ಪರಂಪರೆಯನ್ನು ಮುಮ್ಮಡಿ ಕೃಷ್ಣರಾಜರು ಮುಂದಕ್ಕೆ ಒಯ್ದರು.

ಓದುಗರು ಕಾಗದದ ಮೇಲೆ ಹಲಗೆಯನ್ನು ಬರೆದು ಇದನ್ನು ತಾವೇ ಪ್ರಯತ್ನಿಸಿ ನೋಡಬಹುದು. ಕುದುರೆ ಕಾಲಿಟ್ಟ ಮನೆಗಳಲ್ಲಿ ಕ್ರಮವಾಗಿ 1, 2, 3 ಎಂದು ಅಂಕಿಗಳನ್ನು ಬರೆಯುತ್ತ ಹೋಗಬೇಕು. ಮೊದಲ ಮೂವತ್ತು ನಾಲ್ವತ್ತು ಮನೆಗಳು ಸುಲಭವಾಗಿ ತುಂಬುತ್ತವೆ. ಆಮೇಲೆ ಕುದುರೆ ಯಾವುದೋ ಮೂಲೆಯಲ್ಲಿ ಸಿಕ್ಕಿಬಿದ್ದು ಮುಂದೆ ದಾರಿಯೇ ಇಲ್ಲದಂತಾಗುತ್ತದೆ. ಇದಕ್ಕೆ ಕಾರಣವುಂಟು. ಹಲಗೆಯ ನಡುವಿನ 16 ಮನೆಗಳಿಂದ ಕುದುರೆಗೆ ಎಂಟು ದಾರಿಗಳಿವೆ. ಆದರೆ ಮೂಲೆಯ ಮನೆಯಿಂದ ಎರಡೇ ದಾರಿಗಳು. ನಡುವಿನ ಮನೆಗಳ ಅನುಕೂಲಕ್ಕೆ ಮರುಳಾಗಿ ಅವುಗಳನ್ನೇ ಮೊದಲು ಮುಗಿಸಿದರೆ ಮೂಲೆಗಳು ಹಿಂದುಳಿದು ತೊಡಕಾಗುತ್ತವೆ. 1823ರಲ್ಲಿ ಜರ್ಮನಿಯ ವಾರ್ನ್ಸ್‌ಡಾರ್ಫ್ ಎಂಬವನು ಒಂದು ಸೂತ್ರವನ್ನು ಪ್ರಕಟಿಸಿದನು: ಮುಂದೆ ಹೋಗಬಹುದಾದ ಮನೆಗಳಲ್ಲಿ ಯಾವುದಕ್ಕೆ ಮುಂದಿನ ದಾರಿಗಳು ಅತಿ ಕಡಮೆಯೋ ಅದಕ್ಕೇ ಮೊದಲು ಹೋಗಬೇಕು. ಕಷ್ಟದ ಮನೆಯನ್ನು ಮೊದಲು ಮುಗಿಸಿದವನಿಗೆ ಸುಲಭದ ಮನೆಗಳು ಕೊನೆಯಲ್ಲಿ ತೊಂದರೆ ಕೊಡುವುದಿಲ್ಲ.

ಮಹಾರಾಜರು ಇಷ್ಟಕ್ಕೇ ತೃಪ್ತರಾಗಲಿಲ್ಲ. ಕುದುರೆಯ ಸಂಚಾರದಿಂದ ಮೂಡುವ ಅಂಕಿಗಳು ಅಡ್ಡಸಾಲಿನಲ್ಲಿ ಕೂಡಿದರೂ ಕಂಬಸಾಲಿನಲ್ಲಿ ಕೂಡಿದರೂ ಒಂದೇ ಮೊತ್ತವಾಗುವಂತೆ ಕುದುರೆಯನ್ನು ನಡೆಸಬೇಕೆಂಬ ಇನ್ನೂ ಕಠಿನವಾದ ಸಮಸ್ಯೆಯನ್ನು ಕೈಗೆತ್ತಿಕೊಂಡರು. 1ರಿಂದ 64ರವರೆಗಿನ ಅಂಕಿಗಳ ಒಟ್ಟು ಮೊತ್ತ 2080. ಅದನ್ನು ಎಂಟು ಸಾಲುಗಳಿಗೆ ಹಂಚಿದರೆ ಪ್ರತಿ ಸಾಲಿಗೆ 260 ಬರಬೇಕು. ಒಂದೊಂದು ನಡೆಯೂ ಒಂದು ಅಡ್ಡಸಾಲನ್ನೂ ಒಂದು ಕಂಬಸಾಲನ್ನೂ ಬದಲಾಯಿಸುವುದರಿಂದ ಒಂದೆಡೆ ಸರಿಪಡಿಸಲು ಹೋದರೆ ಇನ್ನೊಂದೆಡೆ ಕೆಡುತ್ತದೆ. ಯುರೋಪಿನಲ್ಲಿ ಇಂತಹ ರಚನೆಯನ್ನು ಬೆವರ್ಲಿ ಎಂಬವನು ಪ್ರಕಟಿಸಿದ್ದು 1848ರಲ್ಲಿ. ಅದಕ್ಕೆ ಕೆಲವೇ ವರ್ಷಗಳ ಅನಂತರ, 1852ರ ಸುಮಾರಿನಲ್ಲಿ, ಮೈಸೂರಿನ ಅರಮನೆಯಲ್ಲಿಯೂ ಈ ಬಗೆಯ ರಚನೆಗಳು ಸಿದ್ಧವಾಗುತ್ತಿದ್ದವು. ಕುದುರೆಯ ಸಂಚಾರವನ್ನು ಅಭ್ಯಸಿಸುವ ಗಣಿತಜ್ಞರು ಮೈಸೂರಿನ ಅರಸರ ಹೆಸರನ್ನು ಇಂದಿಗೂ ಮರೆತಿಲ್ಲ.

ಅದೇ ಕಾಲದಲ್ಲಿ ಹೊರಗಿನ ಜಗತ್ತಿನಲ್ಲಿ ಚದುರಂಗ ಹೊಸ ರೂಪವನ್ನು ತಾಳುತ್ತಿತ್ತು. 1851ರಲ್ಲಿ ಲಂಡನ್ ನಗರದಲ್ಲಿ ಮೊದಲನೆಯ ಅಂತರರಾಷ್ಟ್ರೀಯ ಚದುರಂಗ ಪಂದ್ಯ ನಡೆಯಿತು. ಅದರಲ್ಲಿ ಭಾಗವಹಿಸಿದವರು 16 ಮಂದಿ. ಗೆದ್ದವನು ಜರ್ಮನಿಯ ಗಣಿತೋಪಾಧ್ಯಾಯ ಆಡಾಲ್ಫ್ ಆಂಡರ್ಸೆನ್. ಭಾರತದಿಂದ ಯಾರೂ ಅದರಲ್ಲಿ ಆಡಲಿಲ್ಲ. ನಮ್ಮವರ ಆಟದ ನಿಯಮಗಳೂ ಸ್ವಲ್ಪ ಬೇರೆಯಾಗಿದ್ದವು. ಪಾಶ್ಚಾತ್ಯರ ಆಟದಲ್ಲಿ ಕಾಲಾಳು ಮೊದಲ ನಡೆಯಲ್ಲಿ ಎರಡು ಮನೆ ಹೋಗಬಹುದು; ನಮ್ಮಲ್ಲಿ ಒಂದೇ ಮನೆ. ಅವರಲ್ಲಿ ರಾಜನೂ ಆನೆಯೂ ಸೇರಿ ಕೋಟೆ ಕಟ್ಟುವ ನಡೆಯುಂಟು. ನಮ್ಮಲ್ಲಿ ಅದರ ಬದಲಿಗೆ ರಾಜನು ಒಮ್ಮೆ ಮಾತ್ರ ಕುದುರೆಯಂತೆ ಹಾರಬಹುದಾಗಿತ್ತು. ಕೇವಲ ಕಾಲಾಳಿನಿಂದ ರಾಜನನ್ನು ಕಟ್ಟಿಹಾಕುವುದು ನಮ್ಮವರಲ್ಲಿ ಹೆಚ್ಚಿನ ಗೌರವದ ಗೆಲುವು. ಆದ್ದರಿಂದ ನಮ್ಮವರ ಆಟದ ಪ್ರಾರಂಭ ಅವಸರವಿಲ್ಲದ್ದು: ಕಾಲಾಳುಗಳನ್ನು ಒಂದೊಂದೇ ಮನೆ ನಡೆಸಿ, ಒಂಟೆಯನ್ನು ಅಂಚಿನಲ್ಲಿ ಕೂರಿಸಿ, ದೂರದಿಂದ ನಡುಹಲಗೆಯನ್ನು ಕಾಯುವ ರೀತಿಯದು.

ಈ ರೀತಿಯ ಪ್ರಾರಂಭವನ್ನು ಪಾಶ್ಚಾತ್ಯ ನಿಯಮಗಳ ಆಟಕ್ಕೆ ತಂದವರಲ್ಲಿ ಬಂಗಾಳದ ಮಹೇಶಚಂದ್ರ ಬಂದ್ಯೋಪಾಧ್ಯಾಯರು ಮುಖ್ಯರು. ಕಲ್ಕತ್ತೆಯಲ್ಲಿ ವಕೀಲನಾಗಿದ್ದ ಜಾನ್ ಕಾಕ್ರೇನ್ ಎಂಬ ಪ್ರಸಿದ್ಧ ಆಟಗಾರನೊಡನೆ ಅವರು ನೂರಾರು ಆಟಗಳನ್ನು ಆಡಿದರು. 1855ರ ಒಂದು ಆಟದಲ್ಲಿ ಕಾಕ್ರೇನ್ ತನ್ನ ಮಂತ್ರಿಯ ಮುಂದಿನ ಕಾಲಾಳನ್ನೂ ಅದರ ಪಕ್ಕದ ಒಂಟೆಯ ಕಾಲಾಳನ್ನೂ ಎರಡೆರಡು ಮನೆ ನುಗ್ಗಿಸಿದನು. ಮಹೇಶಚಂದ್ರರು ಕುದುರೆಯನ್ನು ಹೊರಗೆ ತಂದು, ಕುದುರೆಯ ಕಾಲಾಳನ್ನು ಒಂದು ಮನೆ ಸರಿಸಿ, ತೆರವಾದ ಆ ಮನೆಯಲ್ಲಿ ಒಂಟೆಯನ್ನು ಕೂರಿಸಿ, ಮಂತ್ರಿಯ ಕಾಲಾಳಿನಿಂದ ನಡುಹಲಗೆಯ ಮೇಲೆ ಎದುರೇಟು ಹಾಕಿದರು. ಆ ಆಟದಲ್ಲಿ ಗೆಲುವು ದೊರೆತದ್ದು ಕಾಕ್ರೇನನಿಗೆ. ಮಂತ್ರಿಯನ್ನೇ ಬಲಿಗೊಟ್ಟು, ತನ್ನ ಕಾಯಿಗಳ ನಡುವೆಯೇ ಸಿಕ್ಕಿಕೊಂಡ ಕಪ್ಪು ರಾಜನನ್ನು ಕುದುರೆಯಿಂದ ಕಟ್ಟಿಹಾಕುವ ದಾರಿ ಅವನಿಗೆ ತೆರೆದಿತ್ತು. ಆದರೆ ಸೋತವರ ಪ್ರಾರಂಭ ಸೋಲಲಿಲ್ಲ. 1922ರಲ್ಲಿ ಆಸ್ಟ್ರಿಯಾದ ಅರ್ನ್‌ಸ್ಟ್ ಗ್ರೂನ್‌ಫೆಲ್ಡ್ ಅದನ್ನೇ ದೊಡ್ಡ ಪಂದ್ಯಗಳಲ್ಲಿ ಆಡಿದನು. ಇಂದು ಅದು ಅವನ ಹೆಸರಿನಿಂದ ಕರೆಯಲ್ಪಡುತ್ತದೆ. ಇದರ ಸಮೀಪದ ಪ್ರಾರಂಭಗಳಿಗೆ ಜಗತ್ತಿನ ಎಲ್ಲ ಭಾಷೆಗಳಲ್ಲಿಯೂ ಭಾರತೀಯ ರಕ್ಷಣೆ ಎಂಬ ಹೆಸರೇ ನಿಂತಿದೆ. ಒಂದು ಆಟದ ಫಲಿತಾಂಶ ಬೇರೆ, ಆಡುವ ಕ್ರಮದ ಬೆಲೆ ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಮೈಸೂರಿನ ಮಹಾರಾಜರೂ ಆ ವರ್ಷಗಳಲ್ಲಿ ಇನ್ನೊಂದು ಹಲಗೆಯ ಮೇಲೆ ದೀರ್ಘವಾದ ಆಟವನ್ನು ಆಡುತ್ತಿದ್ದರು. ಆಡಳಿತವನ್ನು ಮರಳಿ ಪಡೆಯಬೇಕೆಂಬ ಹಂಬಲವನ್ನು ಅವರು ಎಂದೂ ಬಿಡಲಿಲ್ಲ. ಕಂಪನಿಯೇ ನೇಮಿಸಿದ ವಿಚಾರಣಾ ಸಮಿತಿ 1833ರಲ್ಲಿ ಕೊಟ್ಟ ವರದಿಯಿಂದ, ರಾಜ್ಯದ ಸ್ಥಿತಿ ಹಿಂದೆ ಹೇಳಿದ್ದಷ್ಟು ಕೆಟ್ಟಿರಲಿಲ್ಲವೆಂದು ತಿಳಿದುಬಂದಿತು. ಬೆಂಟಿಂಕನಿಗೂ ತನ್ನ ಕ್ರಮದ ವಿಷಯದಲ್ಲಿ ಮನಸ್ಸು ಅಳುಕಿತು. ಆದರೂ ಕಳೆದುಹೋದ ಅಧಿಕಾರ ಹಿಂದಿರುಗಲಿಲ್ಲ. ಒಬ್ಬ ಗವರ್ನರ್ ಜನರಲ್ ಹೋಗಿ ಇನ್ನೊಬ್ಬ ಬಂದಂತೆ ಮಹಾರಾಜರು ವಿನಯದಿಂದ, ಕಾರಣಸಹಿತವಾಗಿ, ಮತ್ತೆ ಮತ್ತೆ ವಿಜ್ಞಾಪನೆಗಳನ್ನು ಬರೆದರು. 1862ರಲ್ಲಿ ಲಾರ್ಡ್ ಕ್ಯಾನಿಂಗ್ ಸಹ ಅದನ್ನು ನಿರಾಕರಿಸಿದನು.

ಇನ್ನೊಂದು ಭಯವೂ ಎದುರಿಗಿತ್ತು. ಮಹಾರಾಜರಿಗೆ ಪಟ್ಟಕ್ಕೆ ಬರುವ ಔರಸ ಪುತ್ರರಿರಲಿಲ್ಲ. ಮಕ್ಕಳಿಲ್ಲದ ಅರಸರ ರಾಜ್ಯಗಳು ಒಂದೊಂದಾಗಿ ಇಂಗ್ಲಿಷರ ವಶವಾದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ತಾವು ಕಣ್ಣು ಮುಚ್ಚಿದರೆ ಮೈಸೂರೆಂಬ ಹೆಸರೇ ಭೂಪಟದಿಂದ ಅಳಿಸಿಹೋಗುವ ಸಂಭವವಿತ್ತು. ಎಪ್ಪತ್ತನ್ನು ದಾಟಿದ ಅರಸರು 1865ರ ಜೂನ್ ತಿಂಗಳಲ್ಲಿ ತಮ್ಮ ಮಗಳ ಮಗನಾದ ಎರಡು ವರ್ಷದ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಸರ್ಕಾರ ಮೊದಲು ಇದನ್ನು ಒಪ್ಪಲಿಲ್ಲ. ಅದೇ ವರ್ಷ ಮೇಜರ್ ಇವಾನ್ಸ್ ಬೆಲ್ ಎಂಬ ಇಂಗ್ಲಿಷ್ ಸೈನ್ಯಾಧಿಕಾರಿ ಮೈಸೂರಿನ ಪರವಾಗಿ ಒಂದು ಪುಸ್ತಕವನ್ನೇ ಬರೆದು ಪ್ರಕಟಿಸಿದನು. ನ್ಯಾಯದ ಮಾತು ಇಂಗ್ಲೆಂಡಿನಲ್ಲಿಯೂ ಕೇಳಿಬರತೊಡಗಿತು. ಕೊನೆಗೆ 1867ರ ಏಪ್ರಿಲ್ ತಿಂಗಳಲ್ಲಿ, ದತ್ತುಪುತ್ರನು ಪ್ರಾಪ್ತವಯಸ್ಕನಾದಾಗ ಅವನಿಗೇ ರಾಜ್ಯವನ್ನು ಒಪ್ಪಿಸುವುದಾಗಿ ಲಂಡನ್ನಿನ ಸರ್ಕಾರ ನಿರ್ಣಯಿಸಿತು.

ಮಹಾರಾಜರು ಈ ಸಮಾಚಾರವನ್ನು ಕೇಳಿ ಒಂದು ವರ್ಷ ಮಾತ್ರ ಬದುಕಿದ್ದರು. 1868ರ ಮಾರ್ಚ್ 27ರಂದು ಅವರು ದೇಹತ್ಯಾಗ ಮಾಡಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬಾಲಕ ಚಾಮರಾಜೇಂದ್ರರಿಗೆ ಪಟ್ಟವಾಯಿತು. 1881ರ ಮಾರ್ಚ್ 25ರಂದು, ಅರ್ಧ ಶತಮಾನದ ಅನಂತರ, ಮೈಸೂರಿನ ಆಡಳಿತ ಒಡೆಯರ ಮನೆತನಕ್ಕೆ ಹಿಂದಿರುಗಿತು. ಆಟವನ್ನು ಉಳಿಸಿದವರು ಗೆಲುವನ್ನು ನೋಡಲಿಲ್ಲ. ಆದರೆ ಅವರು ಉಳಿಸಿದ್ದರಿಂದಲೇ ಗೆಲ್ಲುವುದಕ್ಕೆ ಒಂದು ಆಟವಿತ್ತು. ಕನ್ನಂಬಾಡಿಯ ಕಟ್ಟೆ, ಮೈಸೂರು ವಿಶ್ವವಿದ್ಯಾನಿಲಯ, ಕನ್ನಡ ಸಾಹಿತ್ಯ ಪರಿಷತ್ತು ಇವೆಲ್ಲ ಮುಂದೆ ಆ ರಾಜ್ಯದಲ್ಲಿ ಮೂಡಿದವು. 1867ರಲ್ಲಿ ಮೈಸೂರು ಕೈತಪ್ಪಿಹೋಗಿದ್ದರೆ ಕನ್ನಡದ ಚರಿತ್ರೆ ಯಾವ ದಾರಿ ಹಿಡಿಯುತ್ತಿತ್ತೆಂಬುದನ್ನು ಓದುಗರೇ ಯೋಚಿಸಿ ನೋಡಲಿ.

ಮೈಸೂರಿಗೆ ಹೋಗುವ ಅವಕಾಶ ದೊರೆತಾಗ ಅರಮನೆಯನ್ನು ಕಂಡು ಬೆರಗಾಗುವುದರ ಜೊತೆಗೆ, 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಗೂ ಭೇಟಿ ಕೊಡಬೇಕು. ಮಹಾರಾಜರ ಆಟದ ಹಲಗೆಗಳ ಚಿತ್ರವಿನ್ಯಾಸಗಳು ಅಲ್ಲಿಯ ಗೋಡೆಗಳ ಮೇಲೆ ಬರೆಯಲ್ಪಟ್ಟಿವೆ. ನಮ್ಮ ಹೈದರಾಬಾದೂ ಚದುರಂಗಕ್ಕೆ ಹೊರಗಿನದಲ್ಲ. 2002ರಲ್ಲಿ ವಿಶ್ವಕಪ್ ಚದುರಂಗ ಪಂದ್ಯ ಇದೇ ನಗರದಲ್ಲಿ ನಡೆಯಿತು. ಉಜ್ಬೇಕಿಸ್ತಾನದ ಕಾಸಿಮ್‌ಜಾನೋವ್ ಅವರನ್ನು ಅಂತಿಮ ಸುತ್ತಿನಲ್ಲಿ ಸೋಲಿಸಿ ವಿಶ್ವನಾಥನ್ ಆನಂದ್ ಅವರು ಗೆದ್ದರು. 1851ರ ಲಂಡನ್ ಪಂದ್ಯಕ್ಕೆ ಯಾರನ್ನೂ ಕಳುಹಿಸದಿದ್ದ ದೇಶ 151 ವರ್ಷಗಳಲ್ಲಿ ಇಷ್ಟು ದೂರ ಬಂದಿತು.

ತಾಯ್ನಾಡಿನಿಂದ ದೂರದಲ್ಲಿದ್ದು, ಸುತ್ತಲೂ ಬೇರೆ ನುಡಿಗಳ ನಡುವೆ ಕನ್ನಡದಲ್ಲಿ ಕಲಿಯುತ್ತಿರುವ ನಮ್ಮ ವಿದ್ಯಾರ್ಥಿಗಳಿಗೆ ದಾರಿಗಳು ಕಡಮೆಯೆಂದು ಕೆಲವೊಮ್ಮೆ ಅನ್ನಿಸುವುದುಂಟು. ಮೂಲೆಯ ಮನೆಯ ಕುದುರೆಗೂ ದಾರಿಗಳು ಎರಡೇ. ಆದರೂ ಅಲ್ಲಿಂದ ಹೊರಟು ಅರವತ್ತನಾಲ್ಕು ಮನೆಗಳನ್ನೂ ಸುತ್ತಿ ಬರಬಹುದೆಂದು ಹಲಗೆಯೇ ತೋರಿಸಿಕೊಡುತ್ತದೆ. ರಾಜ್ಯವಿಲ್ಲದ ಅರಸರು ವಿದ್ಯೆಯನ್ನೂ ತಾಳ್ಮೆಯನ್ನೂ ಬಿಡದೆ ತಮ್ಮ ಮನೆತನವನ್ನೂ ನಾಡನ್ನೂ ಉಳಿಸಿದರು. ಅವರ ತಪ್ಪುಗಳನ್ನು ತಿಳಿದು ದೂರವಿಡೋಣ. ಅವರ ತಾಳ್ಮೆಯನ್ನು ಕಲಿತು ನಮ್ಮದಾಗಿಸಿಕೊಳ್ಳೋಣ. ಮುಂದಿನ ಸಲ ಹಲಗೆಯ ಮುಂದೆ ಕುಳಿತಾಗ ಬರಿದಾದ ಮನೆಗಳ ಮೇಲೆ ಒಂದು ಕುದುರೆಯನ್ನಿಟ್ಟು ಮಹಾರಾಜರ ಆಟವನ್ನು ಆಡಿ ನೋಡಿರೆಂದು ನಮ್ಮ ವಿದ್ಯಾರ್ಥಿಗಳಿಗೆ ಪ್ರೀತಿಯಿಂದ ಹೇಳುತ್ತೇವೆ.